ತಲೆ ತಿನ್ನುವ ರಾಕ್ಷಸ

ನೆಲಮಾಳಿಗೆಯ ಕೋಣೆಗಳನ್ನು ಹೊಕ್ಕು ನಿಧಿ ಹುಡುಕುವ ತಮಾಷೆಯ ಗೇಮ್ ಒಂದನ್ನು ನಾವು ಮೂವರು ಮನೆಯಲ್ಲೇ ಕೂತು ಮಾಡುತ್ತಿದ್ದೆವು. ಕಥೆ ನನ್ನದು, ಚಿತ್ರ ಅತ್ತಿಗೆಯದು, ಅಧಿಕಾರ ಅಣ್ಣನದು. ಅವನಿಗೆ ಬರುವ ಕೆಲಸ ಅದೊಂದೇ.

"ಮೂರನೇ ಕೋಣೆಯಲ್ಲಿ ತಲೆ ತಿನ್ನುವ ರಾಕ್ಷಸ" ಎಂದು ಬರೆದುಕೊಟ್ಟಿದ್ದೆ. ಮಾತಾಡಿ ಮಾತಾಡಿಯೇ ಆಟಗಾರನನ್ನು ಸುಸ್ತು ಮಾಡುವವನು ಎಂದು ನನ್ನ ಅರ್ಥ. ಅತ್ತಿಗೆ ಬಿಡಿಸಿದ್ದು ಬುರುಡೆ ಕಡಿಯುತ್ತಾ ಕೂತ ಭೂತವನ್ನು.

"ರಾಕ್ಷಸ ಅಂದ್ಮೇಲೆ ತಿಂದೇ ತಿಂತಾನೆ ಅಂದ್ಕೊಂಡೆ" ಎಂದರು.

ಅಣ್ಣ ಕುರ್ಚಿ ಎಳೆದುಕೊಂಡ. ಭಾಷೆಯ ಸ್ಪಷ್ಟತೆಯಿಂದ ಶುರುವಾದ ಮಾತು ಶಿಸ್ತಿಗೆ ಬಂತು, ಅಲ್ಲಿಂದ ಅವನ ಕಾಲೇಜಿನ ದಿನಗಳಿಗೆ ಹೋಯಿತು. ಎರಡು ಗಂಟೆ ನಾನು ಹೂಂಗುಟ್ಟಿದೆ. ಅತ್ತಿಗೆ ತಲೆಯೆತ್ತದೆ ಹೊಸ ರಾಕ್ಷಸನನ್ನು ಬಿಡಿಸಿದರು: ಮೂಗಿನ ತುದಿಗೆ ಜಾರಿದ ಕನ್ನಡಕ, ಮೇಲೆತ್ತಿದ ತೋರುಬೆರಳು, ಮುಚ್ಚಲು ಬಾರದ ಬಾಯಿ.

ಅಣ್ಣ ತನ್ನ ಕನ್ನಡಕವನ್ನು ಮೇಲೆ ತಳ್ಳಿ ನೋಡಿದ.

"ಹಾಂ, ಇವನು ಸರಿ. ನೋಡಿದ್ರೇನೇ ತಲೆನೋವು ಬರುತ್ತೆ. ಆದ್ರೆ ಇವನನ್ನ ಸೋಲಿಸೋದು ಹೇಗೆ?"

"ಸೋಲಿಸೋಕಾಗಲ್ಲ ರೀ" ಎಂದರು ಅತ್ತಿಗೆ. "ಹತ್ತು ವರ್ಷದಿಂದ ನೋಡ್ತಾ ಇದ್ದೀನಿ."