ಊಟಿಗೆ ಹೋದ ಕುಂಡಗಳು

ಊಟಿಯಿಂದ ವಿಜಯಕುಮಾರ ಕಳಿಸಿದ ಫೋಟೋವನ್ನು ಬಸ್ಸಿನಲ್ಲಿ ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದೆ. ಕುಂಡದ ಹೊಟ್ಟೆಯ ಮೇಲೆ ಮಣ್ಣು ಹಪ್ಪಳದ ಹಾಗೆ ಎದ್ದು ಉದುರಿತ್ತು. ಬಳ್ಳಾರಿಯ ಗಿಡಗಳ ನರ್ಸರಿ ಕೆಲಸದಲ್ಲಿ ದಿನವಿಡೀ ನಿಂತು ಕಾಲು ಸೋತಿದ್ದವು. ಕುರುಗೋಡಿನಲ್ಲಿ ಇಳಿದಾಗ, ಇದನ್ನು ಅಪ್ಪನಿಗೆ ಹೇಗೆ ಹೇಳಲಿ ಎಂಬುದು ಅದಕ್ಕಿಂತ ಭಾರವಾಗಿತ್ತು.

ಅಪ್ಪ ಹಾಲಸಿದ್ದಪ್ಪ ಕುಂಬಾರ. ಸೊಂಟದೆತ್ತರದ ಆ ನಾಲ್ಕು ಹೂವಿನ ಕುಂಡಗಳನ್ನು ಹೋದ ಬೇಸಿಗೆಯಲ್ಲಿ ತಟ್ಟಿ ಮುಗಿಸಿದ ಮೇಲೆ ಅವನ ಬಲಗೈ ಭುಜದಿಂದ ಮೇಲೇಳಲಿಲ್ಲ. ಅಷ್ಟು ದೊಡ್ಡದು ಇನ್ನು ಅವನಿಂದಾಗದು. ಅವನ್ನು ಊಟಿಯ ಗೆಸ್ಟ್‌ಹೌಸಿಗೆ ಒಯ್ದವನು ಅಲ್ಲಿ ಮಾಲಿಯಾಗಿರುವ ಹಚ್ಚೊಳ್ಳಿಯ ವಿಜಯಕುಮಾರ.

ಫೋಟೋ ತೋರಿಸಿ, ಅಪ್ಪನ ಎದುರಿಗೇ ಅವನಿಗೆ ಫೋನ್ ಹಚ್ಚಿದೆ.

“ಅರುಣಕ್ಕಾ, ಕಾಕಾ ಹೇಳಿದಂಗ ಮಾಡೀನಿ. ಗೋಣಿಚೀಲ ಸುತ್ತೀನಿ, ದಿನಾ ಸಂಜಿಗೆ ನೀರು ಹೊಡದೀನಿ. ಇಲ್ಲಿ ಮುಂಜಾನಿ ಹುಲ್ಲಿನ ಮ್ಯಾಲೆ ಉಪ್ಪು ಚೆಲ್ಲಿದಂಗ ಹಿಮ ಬೀಳತೈತಿ. ಇನ್ನೊಂದು ಒಡದ್ರ ಎಲ್ಲಾ ಹೊರಗ ಒಗಿ ಅಂತ ಸಾಹೇಬ್ರು ಅಂದಾರ. ಪ್ಲಾಸ್ಟಿಕ್ ಕುಂಡ ಆಗಲೇ ಬಂದಾವ.”

ನಮ್ಮ ಬಿಸಿಲಿಗೆ ಒದ್ದೆ ಚೀಲವೇ ಉಪಾಯ. ಇಲ್ಲದಿದ್ದರೆ ಕುಂಡ ಕಾದು ಬೇರು ಬೇಯುತ್ತವೆ. ಲಾರಿ ತುಂಬುವಾಗ ಅಪ್ಪ ಅದನ್ನೇ ಹೇಳಿದ್ದ. ದೀಪಾವಳಿಯ ಹೊತ್ತಿಗೆ ಫೋನಿನಲ್ಲಿ ನಾನೂ ನೆನಪಿಸಿದ್ದೆ.

ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ ಎಂದು ಸಂಜೆ ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಸರಿಯಾಗಿ ನೆನಪಿದೆಯೋ ಇಲ್ಲವೋ. ತಪ್ಪು ಹೇಳಿ ಉಳಿದ ಮೂರನ್ನೂ ಕಳೆದರೆ?

ಫೋನ್ ಇಟ್ಟು ಹೇಳಿದೆ: “ಒಣಗಿಸಬೇಕೇನೋ ಅಪ್ಪಾ...”

“ಮಣ್ಣಿಗೆ ನೀರು ಯಾವಾಗಿಂದ ವೈರಿ ಆತವ್ವಾ? ತಣ್ಣಗ ಇದ್ರ ಒಡಿಯಂಗಿಲ್ಲ.”

“ಅಲ್ಲಿ ತಣ್ಣಗಿರೋದೇ ತ್ರಾಸು.”

ಅಪ್ಪ ಮುಖ ತಿರುಗಿಸಿದ. ನಾನು ಹಿತ್ತಲಿನಿಂದ ಎರಡು ಪುಟ್ಟ ಕುಡಿಕೆ ತಂದೆ. ಒಂದನ್ನು ನೆನೆಸಿ ಹಸಿಮಣ್ಣು ತುಂಬಿದೆ, ಇನ್ನೊಂದನ್ನು ಒಣಗಿದ್ದ ಹಾಗೇ ಬಿಟ್ಟೆ. ಎರಡನ್ನೂ ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟೆ.

“ಗಡಿಗ್ಯಾಗ ನೀರು ತಣ್ಣಗಾಗಲಿ ಅಂತ ಮಂದಿ ಇಡತಾರ,” ಎಂದಳು ಅವ್ವ. “ನನ್ನ ಮಗಳು ಗಡಿಗೀನಾ ಫ್ರಿಜ್ಜಿನಾಗ ಇಟ್ಲು ನೋಡ್ರಿ! ಮೊಸರು ಎಲ್ಲಿಡ್ಲಿ, ನಿನ್ನ ತಲಿ ಮ್ಯಾಲೆ?”

ಬೆಳಿಗ್ಗೆ ತೆಗೆದಾಗ ಒಣ ಕುಡಿಕೆ ಗಟ್ಟಿಯಾಗಿತ್ತು. ಹಸಿಯದು ಬಾಯಿಂದ ಬುಡದವರೆಗೆ ಸೀಳಿತ್ತು. ಎರಡನ್ನೂ ಅಪ್ಪನ ಮುಂದಿಟ್ಟೆ. ಅವನು ಎಡಗೈಯಿಂದ ಸೀಳನ್ನು ಸವರಿದ.

“ಹಂಗಾರ ನೀರು ಹೊಡಿ ಅಂತ ಹೇಳಿ ನಾನೇ ಒಡಸೀನಿ.”

“ನಾನೂ ಹೇಳೀನಲ್ಲಪ್ಪಾ.”

“ಫೋನ್ ಹಚ್ಚು.”

ವಿಜಯಕುಮಾರ ಎತ್ತಿದ ಕೂಡಲೇ ಅಪ್ಪ ಶುರುಮಾಡಿದ. “ಲೇ, ಚೀಲ ಬಿಚ್ಚು. ಗಿಡ ಎಲ್ಲಾ ಪ್ಲಾಸ್ಟಿಕ್ ಕುಂಡಕ್ಕ ಹಾಕು. ಮಣ್ಣು ತೆಗದು ಒಣಗಸು. ಸೂರಿನ ಕೆಳಗ ಇಟ್ಟಿಗಿ ಮ್ಯಾಲೆ ಇಟ್ಟು ಒಣಾ ಹುಲ್ಲು ಸುತ್ತು. ಸಿರುಗುಪ್ಪದ ನೆಲ್ಲುಹುಲ್ಲು ಸುತ್ತಿ ಕಳಿಸಿದ್ವಲ್ಲ, ಹಂಗ.”

“ಪ್ಲಾಸ್ಟಿಕ್ಕಿಗೆ ಹಾಕು ಅಂತ ನೀವಾ ಅಂತೀರೇನ್ ಕಾಕಾ?”

“ಅಂದ್ನಲ್ಲ. ಎಷ್ಟು ಸಲ ಅನಸ್ತಿ?”

ಮುಂದಿನ ಭಾನುವಾರದವರೆಗೆ ಅಪ್ಪ ಕಾದ. ಉಂಡ, ಮಲಗಿದ, ಭುಜಕ್ಕೆ ಎಣ್ಣೆ ಹಚ್ಚಿಸಿಕೊಂಡ. ಭಾನುವಾರ ತಾನೇ ಫೋನ್ ಹಚ್ಚಲು ಹೇಳಿ, “ಲೇ, ಕುಂಡ ತಟ್ಟಿ ಕೇಳಸು,” ಎಂದ. ಬಿರುಕಿಲ್ಲದ ಮಡಕೆ ತಟ್ಟಿದರೆ ನಾದ ಬರುತ್ತದೆ.

ಮೊದಲನೆಯದು ಠಣ್ ಎಂದಿತು. ಎರಡನೆಯದೂ ಅಷ್ಟೇ. ಮೂರನೆಯದು ಬೊದ್ದೆಂದಿತು. ನಾನು ಅಪ್ಪನ ಮುಖ ನೋಡಲಿಲ್ಲ.

ಅಪ್ಪ ಕೇಳಿದ: “ಅದರಾಗ ಏನರ ಇಟ್ಟೀಯೇನಲೇ?”

“ಗೋಣಿಚೀಲ ಮಡಿಚಿ ತುಂಬೀನ್ರಿ. ಒಣಾ ಅದಾವ್ರಿ, ಆಣಿ ಮಾಡ್ತೀನಿ!”

“ತೆಗಿಯೋ, ನಿನ್ನ ಚೀಲಕ್ಕಿಷ್ಟು!”

ಚೀಲ ಎಳೆಯುವ ಸದ್ದು. ಆಮೇಲೆ ಠಣ್.

“ಸಾಹೇಬ್ರು ಏನಂದ್ರು?” ನಾನು ಕೇಳಿದೆ.

“ಯುಗಾದಿ ಮಟ ಇರ್ಲಿ, ಆಮ್ಯಾಲೆ ನೋಡೋಣ ಅಂದಾರಕ್ಕಾ.”

ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ.

“ಮೂರು ಅದಾವು,” ಎಂದ. “ಸಾಕು, ಇಡು ಫೋನು.”