ದೀಪಕ್ಕೆ ಎಳೆದ ವಿಭೂತಿ

ಸೂಗಪ್ಪ ಕಾರಿನ ಎದುರು ನಿಂತು, ಮೊದಲು ಬಲಗೈ ಕಡೆಯ ದೀಪಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದ. ಆಮೇಲೆ ಎಡಗೈ ಕಡೆಯ ದೀಪಕ್ಕೆ ಎಳೆದ. ಆದರೆ ಈ ಸಲ ಪಟ್ಟೆಗಳು ಅರ್ಧ ಗಾಜಿನ ಮೇಲೆ, ಅರ್ಧ ಪಕ್ಕದ ಮಡ್‌ಗಾರ್ಡಿನ ಮೇಲೆ ಬಿದ್ದವು. ಅವನಿಗದು ಗೊತ್ತಾಗಲೇ ಇಲ್ಲ. ಭಕ್ತಿಯಿಂದ ಕೈಮುಗಿದ. ಗ್ಯಾರೇಜಿನ ಬಾಗಿಲಲ್ಲಿದ್ದ ಅಲ್ಲಾಬಕ್ಷ ಅದನ್ನು ನೋಡಿದ.

ಬರುವ ಶನಿವಾರ, ಭಾನುವಾರ ಹೈದರಾಬಾದಿನ ಹೊರಗೆ ಹಳೆಯ ಕಾರುಗಳ ರೇಸು. ಗೆದ್ದವರಿಗೆ ಒಂದು ಕಪ್ ಬಿಟ್ಟರೆ ಮತ್ತೇನಿಲ್ಲ, ಎಲ್ಲರೂ ಹವ್ಯಾಸಕ್ಕೆ ಬರುವವರೇ. ಶಹಾಪುರದಲ್ಲಿ ಟ್ರಾಕ್ಟರ್ ಸಾಮಾನಿನ ಅಂಗಡಿ ಇಟ್ಟಿರುವ ಸೂಗಪ್ಪ, ಹರೆಯದಲ್ಲಿ ಗುಜರಿಯಿಂದ ಎಳೆದು ತಂದ ಈ ಎರಡು ಸೀಟಿನ ಕೆಂಪು ಕಾರನ್ನು ಯಾದಗಿರಿಯಲ್ಲಿ ಗ್ಯಾರೇಜು ಇಟ್ಟಿರುವ ಗೆಳೆಯ ಅಲ್ಲಾಬಕ್ಷನ ಜೊತೆ ಕೂಡಿ ಬದುಕಿಸಿದ್ದ. ಒಮ್ಮೆಯಾದರೂ ಇದನ್ನು ರೇಸಿನಲ್ಲಿ ಓಡಿಸಬೇಕೆಂಬುದು ಅವನ ಜೀವಮಾನದ ಹುಚ್ಚು. ಒಂದು ಕಾರಿಗೆ ಓಡಿಸುವವರೆಂದು ಇಬ್ಬರ ಹೆಸರು ಕೊಡಬಹುದಿತ್ತು. ಇರಲಿ ಅಂತ ಮಗಳು ಶಾಂಭವಿಯ ಹೆಸರನ್ನೂ ಕೊಟ್ಟಿದ್ದ, ಓಡಿಸಲು ಬಿಡುವ ಮನಸ್ಸೇನೂ ಇರಲಿಲ್ಲ.

ಬ್ರೇಕು ಹೊಸದಾಗಿ ಕೂಡಿಸಿದ್ದರಿಂದ, ಅದನ್ನು ಪರೀಕ್ಷಿಸಲು ಗೆಳೆಯರಿಬ್ಬರೂ ಹತ್ತಿಕುಣಿ ರಸ್ತೆಗೆ ಹೊರಟರು. ಓಡಿಸುತ್ತಿದ್ದವನು ಸೂಗಪ್ಪ.

"ಏ ಬಕ್ಷಾ, ಎಂಜಿನ್ ಆವಾಜ್ ಕೇಳು! ಹಾಡಾಕತ್ತದ ನೋಡು!"

ಅಲ್ಲಾಬಕ್ಷನ ಕಣ್ಣು ರಸ್ತೆಯ ಮೇಲಿತ್ತು. ರಸ್ತೆಯ ಎಡಬದಿಯಲ್ಲಿ ಹೆಗಲಿಗೆ ಬಲೆ ಹಾಕಿಕೊಂಡವನೊಬ್ಬ ಸೈಕಲ್ ತುಳಿಯುತ್ತಿದ್ದ. ಕಾರು ಅವನತ್ತಲೇ ಸರಿಯತೊಡಗಿತು. ಅಲ್ಲಾಬಕ್ಷ ಕೈಚಾಚಿ ಸ್ಟೇರಿಂಗನ್ನು ಜಗ್ಗಿದ. ಕಾರು ಬಲಕ್ಕೆ ಹೊರಳಿ ಧೂಳಿನಲ್ಲಿ ನಿಂತಿತು. ಸೈಕಲ್ಲಿನವನು ಬಾಯಿಗೆ ಬಂದಂತೆ ಬೈದು ಮುಂದೆ ಹೋದ.

"ಎಲ್ಲಿಂದ ಬಂದ ಇಂವ?" ಎಂದ ಸೂಗಪ್ಪ.

"ಎಲ್ಲಿಂದೂ ಬಂದಿಲ್ಲ. ಆವಾಗಿಂದ ನಮ್ಮ ಮುಂದ ಇದ್ದ." ಅಲ್ಲಾಬಕ್ಷ ಅವನ ಮುಖ ನೋಡಿದ. "ಎಡಗಣ್ಣು ಕಾಣಂಗಿಲ್ಲ ಹೌದಿಲ್ಲ?"

ಸೂಗಪ್ಪ ತಲೆ ತಗ್ಗಿಸಿದ. ಕಣ್ಣಿನ ನರ ಒಣಗಿದೆ, ಇನ್ನು ಗಾಡಿ ಓಡಿಸಬೇಡಿ ಎಂದು ಕಲಬುರ್ಗಿಯ ಡಾಕ್ಟರು ಹೇಳಿ ವರ್ಷವಾಗಿತ್ತು. ಮೊಣಕಾಲು ನೋವೆಂದು ನೆವ ಹೇಳಿ, ಊರಲ್ಲಿ ಓಡಾಡುವ ಗಾಡಿಯನ್ನು ಅವನು ಮಗಳಿಗೆ ಬಿಟ್ಟಿದ್ದ.

"ಎರಡ ದಿನ ಅಷ್ಟ ಬಕ್ಷಾ. ಆಮ್ಯಾಲ ಮುಟ್ಟಂಗಿಲ್ಲ. ಯಾರಿಗೂ ಹೇಳಬ್ಯಾಡ, ನಿನ್ನ ಕಾಲ ಬೀಳ್ತೀನಿ."

"ನೀ ಒಬ್ಬನ ಸಾಯೂದಿದ್ರ ಬ್ಯಾರೆ ಮಾತು. ಅಲ್ಲಿ ನಿನ್ನ ಎಡಗಡಿಗೂ ಒಂದು ಗಾಡಿ ಇರ್ತದ. ಅದ್ರಾಗ ಯಾರದೋ ಮಗ ಕುಂತಿರ್ತಾನ."

ಸೂಗಪ್ಪನಿಗೆ ಗೆಳೆಯನ ಮೇಲೆ ಸಿಟ್ಟು ಬಂತು. ಆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ಇಳಿದು, ಕಾರು ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕುಳಿತ. ವಾಪಸ್ಸು ಅಲ್ಲಾಬಕ್ಷನೇ ಓಡಿಸಿದ.

ಗ್ಯಾರೇಜಿನಲ್ಲಿ ಶಾಂಭವಿ ಹೈದರಾಬಾದಿಗೆ ಒಯ್ಯುವ, ಬೋಲ್ಟು ಬಿಚ್ಚುವ ಪಾನಾಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಸೂಗಪ್ಪ ಅದರಿಂದಲೇ ಒಂದನ್ನು ತೆಗೆದುಕೊಂಡು, ಮಂಡಿಯೂರಿ, ಓಡಿಸುವವನ ಸೀಟಿನ ಕೆಳಗೆ ಕೈ ಹಾಕಿದ. ಆ ಸೀಟನ್ನು ಅವನು ತನ್ನ ಕಾಲಿನ ಅಳತೆಗೇ ಬೋಲ್ಟು ಹಾಕಿ ಕೂಡಿಸಿದ್ದ. ಅಂದಿನಿಂದ ಅದು ಅಲುಗಿರಲಿಲ್ಲ. ಬೋಲ್ಟು ಹುಡುಕಲು ಅವನಿಗೆ ಕಣ್ಣು ಬೇಕಿರಲಿಲ್ಲ.

"ಅಪ್ಪಾ, ಸೀಟ್ ಯಾಕ ಬಿಚ್ಚಾಕತ್ತಿ?"

"ನಿನ್ನ ಕಾಲಿಗಿ ಕ್ಲಚ್ ಸಿಗಂಗಿಲ್ಲವ್ವ. ಮುಂದ ಸರಸ್ತೀನಿ."

"ಓಡಸಾಂವ ನೀನಲ್ಲಾ?"

"ಎಡಗಣ್ಣ ಹೋಗ್ಯದ."

ಶಾಂಭವಿ ಅಲ್ಲಾಬಕ್ಷನ ಕಡೆ ನೋಡಿದಳು. ಅವನು ಹೌದೆಂದು ತಲೆಯಾಡಿಸಿದ. ಅವಳಿಗೆ ಅಳು ಬಂತು, ಕೋಪವೂ ಬಂತು. "ಮೊಣಕಾಲಂತ ಸುಳ್ಳ ಹೇಳ್ದಿ ನನಗ," ಎಂದಳು. ಸೂಗಪ್ಪ ಬೋಲ್ಟು ಬಿಗಿಮಾಡಿ, ಎದ್ದು, "ಕುಂತು ನೋಡು," ಎಂದ.

ಅವಳು ಕುಳಿತು ಕ್ಲಚ್ ಒತ್ತಿದಳು. ಕಾಲಿಗೆ ಸರಿಯಾಗಿ ಸಿಕ್ಕಿತು. ಅಷ್ಟರಲ್ಲಿ ಅಲ್ಲಾಬಕ್ಷ ರಸ್ತೆಯ ಧೂಳು ಒರೆಸಲು ಒದ್ದೆ ಅರಿವೆ ತಂದು, ಮೊದಲು ಅವಳ ಎದುರಿನ ಮಡ್‌ಗಾರ್ಡಿಗೇ ಬಗ್ಗಿದ. ಆಗ ಅವಳಿಗೆ ಅಲ್ಲಿ ಬಿದ್ದಿದ್ದ ಬಿಳಿ ಪಟ್ಟೆಗಳು ಕಂಡವು.

"ಇರ್ಲಿ ಕಾಕಾ. ಅಪ್ಪ ಹಚ್ಯಾನ."

"ಯಾಕ, ಚಲೋ ಬಂದಿಲ್ಲೇನು?" ಎಂದ ಸೂಗಪ್ಪ.

"ಚಲೋ ಬಂದಾವ," ಎಂದಳು ಶಾಂಭವಿ.

ಅಲ್ಲಾಬಕ್ಷ ಆ ಪಟ್ಟೆಗಳನ್ನು ಬಿಟ್ಟು, ಅವುಗಳ ಸುತ್ತ ನಿಧಾನವಾಗಿ ಒರೆಸತೊಡಗಿದ.