ಪ್ರತಿನಿಧಿಗಳ ಗಮನಕ್ಕೆ

"ನಾಲ್ಕನೇ ನಿಯಮ ಇನ್ನೊಂದು ಸಲ ಓದಿ," ಎಂದರು ಸಭೆ ನಡೆಸುತ್ತಿದ್ದ ರಾಜಶೇಖರ್.

ಮೇಘಶ್ರೀ ಲ್ಯಾಪ್‌ಟಾಪನ್ನು ಕಿಟಕಿಯ ಬೆಳಕಿನಿಂದ ತುಸು ಆಚೆ ತಿರುಗಿಸಿಕೊಂಡಳು. "'ಪ್ರತಿನಿಧಿಗಳು ತಮ್ಮ ಸ್ವಂತ ಖಾತೆಗಳಲ್ಲಿಯೂ ಜಾತಿ, ಧರ್ಮ, ರಾಜಕೀಯ ಮುಂತಾದ ವಿವಾದದ ವಿಷಯಗಳ ಬಗ್ಗೆ ಬರೆಯಬಾರದು. ಗುಂಪಿನ ಒಳಗಿನ ಭಿನ್ನಾಭಿಪ್ರಾಯವನ್ನು...'"

ಅಷ್ಟರಲ್ಲಿ ಎದುರಿನ ಸ್ಟೇಷನ್ನಿನ ಮೈಕು ಹುಬ್ಬಳ್ಳಿ ಕಡೆಯ ರೈಲನ್ನು ಕೂಗತೊಡಗಿತು. ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಮುಗಿಯುವ ತನಕ ಎಲ್ಲರೂ ಸುಮ್ಮನೆ ಕೂತರು. ನಾಲ್ಕೂ ದಿಕ್ಕಿನಿಂದ ರೈಲು ಸಿಗುತ್ತದೆಂದು ಸಭೆಯನ್ನು ಅರಸೀಕೆರೆಯಲ್ಲಿ ಇಟ್ಟುಕೊಂಡಿದ್ದರು. ಹೋಟೆಲ್ಲಿನ ಮಹಡಿಯ ಆ ಕೋಣೆಗೆ ಕೆಳಗಿನಿಂದ ಸಾಂಬಾರಿನ ವಾಸನೆ ಏರಿ ಬರುತ್ತಿತ್ತು.

"...ಸಾರ್ವಜನಿಕವಾಗಿ ಹಂಚಿಕೊಳ್ಳಬಾರದು," ಎಂದು ಮೇಘಶ್ರೀ ಓದಿ ಮುಗಿಸಿದಳು. ಭೀಮರಾಜನ ಕಡೆ ನೋಡಲಿಲ್ಲ.

ಅವರೆಲ್ಲ ಸೇರಿ ಕಟ್ಟುತ್ತಿದ್ದದ್ದು 'ಊರುನಕ್ಷೆ' ಎಂಬ ಕನ್ನಡದ ನಕ್ಷೆಯನ್ನು. ಅದಕ್ಕೆ ಒಡೆಯರಿಲ್ಲ. ಯಾರು ಬೇಕಾದರೂ ತಮ್ಮ ಊರಿನ ಓಣಿ, ಕೆರೆ, ಕಾಲುದಾರಿಗಳನ್ನು ಸೇರಿಸಬಹುದು, ತಿದ್ದಬಹುದು, ಕಾಸು ಕೊಡದೆ ಬಳಸಬಹುದು. ಜಿಲ್ಲೆಗೆ ಇಬ್ಬರಂತೆ ಪ್ರತಿನಿಧಿಗಳು. ಹಾಸನ ಜಿಲ್ಲೆಗೆ ಅರಸೀಕೆರೆಯ ಹೈಸ್ಕೂಲು ಟೀಚರ್ ಮೇಘಶ್ರೀ ಒಬ್ಬಳು. ಬೇಲೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಭೀಮರಾಜ್ ಇನ್ನೊಬ್ಬ. ಬೇಲೂರು, ಹಳೇಬೀಡಿನ ಸುತ್ತಲಿನ ಹಳ್ಳಿಗಳು ನಕ್ಷೆಯಲ್ಲಿ ಇಷ್ಟು ದಟ್ಟವಾಗಿ ಕಾಣುತ್ತಿದ್ದರೆ ಅದು ಅವನ ಭಾನುವಾರಗಳ ಫಲ.

ಗಲಾಟೆ ಶುರುವಾದದ್ದು ಅವನ ಸ್ವಂತ ಊರಿನಿಂದ. ಗಂಡಸಿಯಿಂದಾಚೆಯ ಆ ಹಳ್ಳಿಯಲ್ಲಿ ಅವನ ಕೇರಿಯನ್ನು ಊರವರು ಜಾತಿ ಹಿಡಿದೇ ಕರೆಯುತ್ತಿದ್ದರು. ಕೇರಿಯವರು ಬುದ್ಧವಿಹಾರ ಕಟ್ಟಿಕೊಂಡ ವರ್ಷ ಬುದ್ಧನಗರ ಎಂದು ಹೆಸರಿಟ್ಟುಕೊಂಡಿದ್ದರು. ಭೀಮರಾಜ್ ನಕ್ಷೆಯಲ್ಲಿ ಅದನ್ನೇ ಬರೆದ. ಗುಂಪಿನ ಹಳೆಯ ಸದಸ್ಯ ಉದಯಕುಮಾರ್ ಅದನ್ನು ಅಳಿಸಿ ಹಳೆಯ ಹೆಸರು ಹಾಕಿದ. ಇವನು ತಿದ್ದಿದ, ಅವನು ಮತ್ತೆ ಅಳಿಸಿದ. ಕೊನೆಗೆ ಭೀಮರಾಜ್ ತನ್ನ ಫೇಸ್‌ಬುಕ್ಕಿನಲ್ಲಿ ಬರೆದ: "ನಮಗೆ ನಾವಿಟ್ಟುಕೊಂಡ ಹೆಸರನ್ನು ಅಳಿಸುತ್ತಿರುವವರು ಹೊರಗಿನವರಲ್ಲ, ನಮ್ಮ ಊರುನಕ್ಷೆಯವರೇ. ನಾಚಿಕೆಯಾಗಬೇಕು." ಅವನ ಹೆಸರಿನ ಕೆಳಗೆ 'ಪ್ರತಿನಿಧಿ, ಊರುನಕ್ಷೆ' ಎಂದಿತ್ತು. ಅದರ ಚಿತ್ರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ತನ್ನ ಆಂಬುಲೆನ್ಸುಗಳಿಗೆ ಈ ನಕ್ಷೆಯನ್ನು ಬಳಸಲು ಒಪ್ಪಿದ್ದ ಸೇವಾಸಂಸ್ಥೆ, "ನಿಮ್ಮಲ್ಲೇನೋ ಜಗಳವಂತೆ" ಎಂದು ಕೇಳಿತು. ಆಮೇಲೆ ಪ್ರತಿನಿಧಿಗಳಿಗೆ ನಿಯಮ ಬೇಕು ಎಂದಾಯಿತು. "ನೀವು ಚೆನ್ನಾಗಿ ಬರೀತೀರಿ," ಎಂದು ಕೆಲಸವನ್ನು ಮೇಘಶ್ರೀಗೆ ಹಚ್ಚಿದರು. ಅವಳು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಬದಿಗೆ ಸರಿಸಿ, ಬೇರೆ ಗುಂಪುಗಳ ನಿಯಮಗಳನ್ನು ನೋಡಿಕೊಂಡು ಬರೆದುಕೊಟ್ಟಿದ್ದಳು.

"ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ರಾಜಶೇಖರ್ ಕೇಳಿದರು. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದಿದ್ದ ಅವರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಭೀಮರಾಜ್ ಕೈ ಎತ್ತಿದ. "ನಮ್ಮ ಕೇರಿ ಹೆಸರು ಬರೆಯೋದು ವಿವಾದದ ವಿಷಯಾನಾ, ಸರ್?"

"ಹೆಸರಿನ ಮಾತು ಬೇರೆ, ಇದು ನಡವಳಿಕೆಯ ಮಾತು," ಎಂದರು ರಾಜಶೇಖರ್.

"ನಂಗೆ ನಿಮ್ಮ ಮೇಲೆ ದ್ವೇಷ ಇಲ್ಲ ಭೀಮರಾಜ್," ಎಂದ ಉದಯಕುಮಾರ್. ಅವನ ದನಿಯಲ್ಲಿ ಸುಳ್ಳಿರಲಿಲ್ಲ. "ಆ ಹೆಸರು ನಂಗೂ ಇಷ್ಟ ಇಲ್ಲ. ಆದ್ರೆ ನಕ್ಷೆ ಇರೋದು ದಾರಿ ಕೇಳೋರಿಗೆ. ಊರಲ್ಲಿ ಹೋಗಿ ಕೇಳಿದ್ರೆ ಜನ ಏನಂತಾರೋ ಅದನ್ನ ಬರೀಬೇಕು. ನಾವು ಊರನ್ನ ತಿದ್ದೋಕೆ ಬಂದಿಲ್ವಲ್ಲ."

"ನಿಮ್ಮ ಬಡಾವಣೆ ಯಾವ್ದು?"

"ವಿನಾಯಕನಗರ."

"ಮೊದ್ಲು ಅದು ಏನಾಗಿತ್ತು?"

"ತೋಟ ಇತ್ತೇನೋ. ಗೊತ್ತಿಲ್ಲ."

"ನೋಡಿ, ಹಳೇ ಹೆಸರು ಏನು ಅಂತ ಯಾರೂ ನಿಮ್ಮನ್ನ ಕೇಳ್ಲಿಲ್ಲ," ಎಂದ ಭೀಮರಾಜ್.

ಮೇಘಶ್ರೀ ಗಂಟಲು ಸರಿಮಾಡಿಕೊಂಡಳು. "ಸರ್, ನಾಲ್ಕಕ್ಕೆ ಒಂದು ಮಾತು ಸೇರಿಸಬಹುದಾ? 'ತನಗೆ, ತನ್ನ ಊರಿಗೆ ಆದ ಅನ್ಯಾಯವನ್ನು ಹೇಳಿಕೊಳ್ಳುವುದು ಈ ನಿಯಮಕ್ಕೆ ಒಳಪಡುವುದಿಲ್ಲ' ಅಂತ."

"ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ ಮೇಘಶ್ರೀ. ಎಲ್ಲರದೂ ಅನ್ಯಾಯವೇ ಆಗುತ್ತೆ." ರಾಜಶೇಖರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಈಗ ಇದನ್ನ ಹೀಗೇ ಮಾಡೋಣ. ಮುಂದಿನ ಸಭೆಯಲ್ಲಿ ನೋಡೋಣ. ಆಗಬಹುದಾ?"

ಆಗುವುದಿಲ್ಲ ಎನ್ನಬಹುದಿತ್ತು. ಎಂದರೆ ಅದಕ್ಕೊಂದು ಚರ್ಚೆ, ಆಮೇಲೆ ಗುಂಪಿನಲ್ಲಿ ವಾರವಿಡೀ ಮೆಸೇಜು, ಅವಳೇ ಕೂತು ಒಬ್ಬೊಬ್ಬರಿಗೂ ಉತ್ತರ. ಮಾರ್ಚ್ ತಿಂಗಳ ಪರೀಕ್ಷೆಗಳು ಬೇರೆ. "ಸರಿ ಸರ್," ಎಂದಳು.

ಕೈಗಳು ಎದ್ದವು. ಅವಳ ಕೈಯೂ ಎದ್ದಿತು.

ಊಟಕ್ಕೆ ಎಲ್ಲರೂ ಇಳಿದಾಗ ಭೀಮರಾಜ್ ಮಾತ್ರ ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಏನೋ ಒತ್ತುತ್ತಿದ್ದ. ಅವಳು ಹತ್ತಿರ ಬಂದಾಗ ತೋರಿಸಿದ. ಅವನ ಹೆಸರಿನ ಕೆಳಗೆ ಈಗ ಏನೂ ಇರಲಿಲ್ಲ.

"ತೆಗೆದ್ಬಿಟ್ಟೆ ಮೇಡಂ. ಇನ್ನು ನಾನು ಏನು ಬರೆದ್ರೂ ನಿಮಗೆ ತೊಂದರೆ ಇಲ್ಲ."

"ಊಟ ಮಾಡ್ಕೊಂಡು ಹೋಗಿ, ಭೀಮರಾಜ್."

"ಬೇಲೂರು ಬಸ್ಸಿಗೆ ಟೈಮಾಯ್ತು," ಎಂದು ಅವನು ಇಳಿದು ಹೋದ.

ಪ್ರತಿನಿಧಿ ಸ್ಥಾನ ಬಿಟ್ಟ ಭೀಮರಾಜನಿಗೆ ಊರುನಕ್ಷೆಯ ಪುಟದಲ್ಲಿ ಧನ್ಯವಾದ ಹೇಳಿ ಬರೆಯುವ ಕೆಲಸವೂ ಅವಳಿಗೇ ಬಂತು. 'ಅನಿವಾರ್ಯ ಕಾರಣಗಳಿಂದ' ಎಂದು ಬರೆದು, ಅಳಿಸಿ, 'ವೈಯಕ್ತಿಕ ಕಾರಣಗಳಿಂದ' ಎಂದು ಬರೆದು, ಅದನ್ನೂ ಅಳಿಸಿ, ಕಾರಣವನ್ನೇ ಬಿಟ್ಟು ಹಾಕಿದಳು. ಜನ ಚಪ್ಪಾಳೆಯ ಗುರುತು ಒತ್ತಿ ಮುಂದೆ ಹೋದರು. ಅವನ ಕೇರಿಯ ಹೆಸರನ್ನು, ತೀರ್ಮಾನ ಆಗುವವರೆಗೆ ಎಂದು, ಖಾಲಿ ಬಿಡಲಾಯಿತು. ಮನೆಗಳ ಚೌಕಗಳು ಮಾತ್ರ ಉಳಿದವು.

ಭೀಮರಾಜ್ ಆಮೇಲೆ ಏನನ್ನೂ ಬರೆಯಲಿಲ್ಲ. ಏನನ್ನೂ ತಿದ್ದಲೂ ಇಲ್ಲ. ಬೇಲೂರು ಕಡೆಯಿಂದ ಆಂಬುಲೆನ್ಸಿನವರ ಪ್ರಶ್ನೆಗಳು ಬಂದು ರಾಶಿಬಿದ್ದವು: ಈ ಸೇತುವೆ ಇದೆಯಾ, ಈ ದಾರಿಯಲ್ಲಿ ಗಾಡಿ ಹೋಗುತ್ತದಾ. ಉತ್ತರ ಗೊತ್ತಿದ್ದವನು ಸುಮ್ಮನಿದ್ದ. ಕೊನೆಗೆ ರಾಜಶೇಖರ್ ಫೋನ್ ಮಾಡಿ, "ನೀವೇ ಒಂದ್ಸಲ ಹೋಗಿ ಮಾತಾಡಿ. ನಿಮ್ಮ ಮಾತು ಕೇಳ್ತಾನೆ," ಎಂದರು.

ಭಾನುವಾರ ಅವನು ಊರಿಗೆ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಗಂಡಸಿಯಲ್ಲಿ ಬಸ್ಸು ಬದಲಾಯಿಸಿ, ಹಳ್ಳಿಗೆ ದಾರಿ ತಿರುಗುವ ಗೇಟಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ದಾರಿ ಎರಡಾಗಿ ಒಡೆದಿತ್ತು. ತೆಂಗಿನ ಗರಿ ಹೊದಿಸಿದ ಚಿಕ್ಕ ಟೀ ಅಂಗಡಿಯಲ್ಲಿ ಒಬ್ಬಾತ ಪಾತ್ರೆ ತೊಳೆಯುತ್ತಿದ್ದ.

"ಬುದ್ಧನಗರಕ್ಕೆ ಯಾವ ಕಡೆ ಹೋಗ್ಬೇಕು?"

"ಬುದ್ಧನಗರ್ವಾ?" ಅವನು ತಲೆ ಎತ್ತಿದ. "ಅಂಗಂತ ಯಾವ್ದೂ ಇಲ್ವಲ್ಲವ್ವ ಇಲ್ಲಿ."

"ಭೀಮರಾಜ್ ಅಂತ. ಬ್ಯಾಂಕಲ್ಲಿ ಕೆಲಸ ಮಾಡ್ತಾರೆ."

"ಓ, ದೇವೀರಿ ಮಗ! ಅಂಗನ್ನಿ ಮತ್ತೆ." ಅವನು ಕೇರಿಯ ಹಳೆಯ ಹೆಸರನ್ನು, ಮರದ ಹೆಸರೋ ಬಾವಿಯ ಹೆಸರೋ ಹೇಳುವಷ್ಟು ಸಲೀಸಾಗಿ ಹೇಳಿದ. "ಅದೇ ತಾನೇ?"

ಅವಳು ಎರಡೂ ದಾರಿಗಳನ್ನು ನೋಡಿದಳು. ಹೆಗಲ ಮೇಲಿನ ಚೀಲ ಭಾರವಾಗಿತ್ತು.

"ಹೂಂ. ಅದೇ," ಎಂದಳು.

"ಎಡಕ್ಕೋಗಿ. ನೀರಿನ ಟ್ಯಾಂಕು ದಾಟಿದ್ರೆ ಸಿಗ್ತೈತೆ."

ಭೀಮರಾಜ್ ಮನೆಯ ಮುಂದಿನ ಚಪ್ಪರದಡಿ ಬೈಕು ತೊಳೆಯುತ್ತಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡು ಕುರ್ಚಿ ತಂದು ಹಾಕಿದ. ಅವನ ತಾಯಿ ದೇವೀರಮ್ಮ ಬಾಗಿಲಿಗೆ ಬಂದು, "ಬಾ ತಾಯಿ, ಬಿಸಿಲಾಗೆ ಬಂದಿದ್ದೀಯ," ಎಂದು ನೀರು ತಂದುಕೊಟ್ಟರು.

ಆಂಬುಲೆನ್ಸಿನವರ ವಿಷಯ, ರಾಜಶೇಖರರ ಫೋನು, ಎಲ್ಲವನ್ನೂ ಮೇಘಶ್ರೀ ಹೇಳಿದಳು. ನಿಯಮವನ್ನು ಮುಂದಿನ ಸಭೆಯಲ್ಲಿ ಮತ್ತೆ ನೋಡುತ್ತಾರಂತೆ ಎಂದೂ ಹೇಳಿದಳು.

"ನೋಡ್ತಾರೆ ಮೇಡಂ, ನೋಡಲ್ಲ ಅನ್ನಲ್ಲ," ಎಂದ ಭೀಮರಾಜ್. "ನೀವು ಬರೆದಿದ್ದು ಚೆನ್ನಾಗೇ ಇತ್ತು. ಕನ್ನಡ ಚೆನ್ನಾಗಿತ್ತು. ನಂಗೆ ಸಿಟ್ಟಿಲ್ಲ. ಸುಸ್ತು. ಆಫೀಸಲ್ಲಿ ಒಂದು ಥರ ಇರ್ಬೇಕು, ಬಾಡಿಗೆ ಮನೆ ಕೇಳೋವಾಗ ಒಂದು ಥರ. ಇದೊಂದರಲ್ಲಿ ನನ್ನ ಥರ ಇರ್ತಿದ್ದೆ."

ಅವನು ಬೈಕು ಒರೆಸಿದ ಬಟ್ಟೆಯನ್ನು ಹಿಂಡಿ ಚಪ್ಪರದ ಕಂಬದ ಮೇಲೆ ಹರವಿದ.

"ಸೇತುವೆ, ದಾರಿ ಏನೇ ಇದ್ರೂ ಅವ್ರು ನಂಗೆ ಫೋನ್ ಮಾಡ್ಲಿ. ಹೇಳ್ತೀನಿ. ಹೆರಿಗೆ ನೋವು ಬಂದಿರೋ ಹೆಂಗ್ಸಿಗೂ ಇದಕ್ಕೂ ಏನು ಸಂಬಂಧ? ಆದ್ರೆ ಪ್ರತಿನಿಧಿ ಬೇಡ ಮೇಡಂ. ಮೂರೂವರೆ ಬಸ್ಸು ಸಿಗುತ್ತೆ ನಿಮಗೆ, ಗೇಟಿನ ತನಕ ಬಿಡ್ತೀನಿ." ಅವನು ಅಂಗಿ ಹಾಕಿಕೊಳ್ಳಲು ಒಳಗೆ ಹೋದ.

ದೇವೀರಮ್ಮ ದೊಡ್ಡ ಸ್ಟೀಲ್ ಲೋಟದ ತುಂಬ ಮಜ್ಜಿಗೆ ತಂದರು. ಕೊತ್ತಂಬರಿ, ಹಸಿಮೆಣಸಿನಕಾಯಿ ಜಜ್ಜಿ ಹಾಕಿತ್ತು. ಮೇಘಶ್ರೀ ಒಂದೇ ಉಸಿರಿಗೆ ಅರ್ಧ ಕುಡಿದಳು.

"ದಾರಿ ಸಲೀಸಾಗಿ ಸಿಕ್ತಾ ತಾಯಿ? ಹೊಸಬರು ಬಂದ್ರೆ ಗೇಟ್ತಾವ್ಲೇ ನಿಂತ್ಕಬುಡ್ತಾರೆ."

"ಸಿಕ್ತು ಅಮ್ಮ. ಟೀ ಅಂಗಡಿಯಲ್ಲಿ ಕೇಳಿದೆ."

"ಏನಂತ ಕೇಳ್ದೆ?"

ಮುದುಕಿಯ ಮುಖದಲ್ಲಿ ಕೊಂಕೇನೂ ಇರಲಿಲ್ಲ. ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು. ಮೇಘಶ್ರೀ ಉಳಿದ ಮಜ್ಜಿಗೆ ಕುಡಿದಳು. ಲೋಟ ಖಾಲಿಯಾದ ಮೇಲೂ ತುಟಿಯಿಂದ ಇಳಿಸಲಿಲ್ಲ. ದೇವೀರಮ್ಮ ಅದನ್ನು ಇಸಿದುಕೊಳ್ಳಲು ಕೈ ಚಾಚಿಕೊಂಡು ನಿಂತಿದ್ದರು.